ಗುಟುಕಿಗೊಂದು ಬಿಡುವು

ಮಂಡ್ಯ ಕಡೆಯ ನೆಂಟರ ಮನೆಗೆ ಹೋದ ಒಂದು ಭಾನುವಾರ ನಮ್ಮ ಜೊತೆ ಕರಾವಳಿಯ ಸ್ನೇಹಿತರೊಬ್ಬರೂ ಬಂದಿದ್ದರು. ಮಧ್ಯಾಹ್ನದ ಎಲೆಗೆ ಹೊಗೆಯಾಡುವ ರಾಗಿ ಮುದ್ದೆ ಬಂತು, ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು. ಕುಚ್ಚಲಕ್ಕಿ ಅನ್ನ ಉಂಡು ಬೆಳೆದ ಸ್ನೇಹಿತರು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿಯತೊಡಗಿದರು. ಎದುರಿಗೆ ಕುಳಿತಿದ್ದ ಆರು ವರ್ಷದ ಹುಡುಗಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. "ಅಂಕಲ್, ಅಗೀಬಾರ್ದು, ನುಂಗ್ಬೇಕು" ಎಂದಳು. ಹಲ್ಲಿಗೆಲ್ಲ ಅಂಟಿಸಿಕೊಂಡು ಒದ್ದಾಡುತ್ತಿದ್ದವರಿಗೆ ಆಮೇಲೆ ಆ ಮನೆಯ ಅಜ್ಜಿ ಹೇಳಿಕೊಟ್ಟರು: ಪುಟ್ಟ ನೆಲ್ಲಿಕಾಯಿಯಷ್ಟು ಮುರಿಯಿರಿ, ಬೆರಳ ತುದಿಯಲ್ಲಿ ನುಣ್ಣಗೆ ಉರುಟಿ, ಸಾರಿನಲ್ಲಿ ಚೆನ್ನಾಗಿ ಹೊರಳಿಸಿ, ನಾಲಿಗೆಯ ಹಿಂದಕ್ಕೆ ಬಿಡಿ, ಮಿಕ್ಕಿದ್ದನ್ನು ಗಂಟಲು ನೋಡಿಕೊಳ್ಳುತ್ತದೆ. ಮೂರನೆಯ ತುತ್ತಿಗೆ ಅವರ ಮುಖ ಅರಳಿತು.

ಗಂಟಲು ನೋಡಿಕೊಳ್ಳುತ್ತದೆ ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಡೆಯುವುದನ್ನು ಬೆರಳು ಹಿಡಿದು ಕಲಿಸುತ್ತೇವೆ, ಮಾತನ್ನು ತೊದಲಿ ತೊದಲಿ ಕಲಿಸುತ್ತೇವೆ. ನುಂಗುವುದನ್ನು ಮಾತ್ರ ಯಾರಿಗೂ ಯಾರೂ ಕಲಿಸಿಲ್ಲ. ಮುದ್ದೆಯ ಎದುರು ಕುಳಿತ ಹೊಸಬರಿಗೆ ಬಿಟ್ಟರೆ. ಮಗು ಹುಟ್ಟುವ ಮೊದಲೇ ಅದನ್ನು ಕಲಿತು ಬಂದಿರುತ್ತದೆ. ಗರ್ಭಕ್ಕೆ ಸುಮಾರು 12 ವಾರ ತುಂಬುವ ಹೊತ್ತಿಗೆ ಅದು ತನ್ನ ಸುತ್ತಲಿನ ನೀರನ್ನು ಗುಟುಕರಿಸಲು ತೊಡಗುತ್ತದೆ. ದಿನ ತುಂಬಿದ ಕೂಸು ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ನುಂಗುತ್ತದೆ. ಅಳುವುದಕ್ಕಿಂತ ಮೊದಲು, ಉಸಿರಾಡುವುದಕ್ಕಿಂತಲೂ ಮೊದಲು ನಾವೆಲ್ಲ ಮಾಡಿದ ಕೆಲಸಗಳಲ್ಲಿ ಇದೂ ಒಂದು.

ಓದುವುದನ್ನು ಒಂದು ನಿಮಿಷ ನಿಲ್ಲಿಸಿ, ಕುತ್ತಿಗೆಯ ಮುಂಭಾಗದ ಗಂಟಲಮಣಿಯ ಮೇಲೆ ಎರಡು ಬೆರಳು ಹಗುರವಾಗಿ ಇಟ್ಟು ಎಂಜಲು ನುಂಗಿ ನೋಡಿ. ಹೆಂಗಸರಲ್ಲಿ ಅದು ಕಣ್ಣಿಗೆ ಎದ್ದು ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಬೆರಳ ಕೆಳಗಿನ ಗಂಟು ಸರ್ರನೆ ಮೇಲೇರಿ, ಕ್ಷಣ ನಿಂತು, ಮತ್ತೆ ತನ್ನ ಜಾಗಕ್ಕೆ ಇಳಿಯುತ್ತದೆ. ಈಗ ನುಂಗುತ್ತಲೇ ಉಸಿರೆಳೆಯಲು ನೋಡಿ. ಆಗುವುದಿಲ್ಲ. ಇನ್ನು ಬೆನ್ನುಬೆನ್ನಿಗೆ ನಾಲ್ಕೈದು ಸಲ ನುಂಗಲು ನೋಡಿ. ಮೂರನೆಯದಕ್ಕೇ ಗಂಟಲು ತಡವರಿಸುತ್ತದೆ, ಏಕೆಂದರೆ ನುಂಗಲು ಏನಾದರೂ ಇರಬೇಕು. ಒಣಗಿದ ಬಾಯಿಯಿಂದ ಹೊರಟ ಆಜ್ಞೆಯನ್ನು ಗಂಟಲು ಸುಲಭವಾಗಿ ಒಪ್ಪುವುದಿಲ್ಲ.

ಬಾಯೊಳಗಿನ ಕೆಲಸ ಬಹುಮಟ್ಟಿಗೆ ನಮ್ಮ ಇಚ್ಛೆಗೆ ಸೇರಿದ್ದು. ಹಲ್ಲು ನುರಿಸುತ್ತದೆ, ಲಾಲಾರಸ ನೆನೆಸುತ್ತದೆ. ಈ ರಸ ದಿನವೊಂದಕ್ಕೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಒಸರುತ್ತದೆ. ಅದಿಲ್ಲದಿದ್ದರೆ ಒಂದು ಚೂರು ಚಪಾತಿಯೂ ಇಳಿಯದು. ನಾಲಿಗೆ ಮೂಲೆಮೂಲೆಯಿಂದ ಚೂರುಗಳನ್ನು ಒಟ್ಟುಮಾಡಿ ನುಣುಪಾದ ಉಂಡೆಯಾಗಿಸುತ್ತದೆ. ದೋಸೆಯಿರಲಿ, ಅವಲಕ್ಕಿಯಿರಲಿ, ಹೋಳಿಗೆಯಿರಲಿ, ಬಾಯಿ ಅದನ್ನು ಮುದ್ದೆ ಮಾಡಿಯೇ ಒಳಗೆ ಕಳಿಸುವುದು. ರಾಗಿ ಮುದ್ದೆ ತಿರುವುವವರು ಆ ಕೆಲಸದ ಬಹುಭಾಗವನ್ನು ಒಲೆಯ ಮೇಲೆ, ಕೋಲು ಹಿಡಿದು ಮುಗಿಸಿರುತ್ತಾರೆ. ಹಲ್ಲಿಲ್ಲದ ಹಿರಿಯರೂ ಕೊನೆಯವರೆಗೆ ಮುದ್ದೆಯನ್ನು ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಉಂಡೆ ನಾಲಿಗೆಯ ಬುಡ ದಾಟಿತೋ, ಅಲ್ಲಿಗೆ ನಮ್ಮ ಅಧಿಕಾರ ಮುಗಿಯಿತು. ಬಿಟ್ಟ ಬಾಣದಂತೆ ಅದನ್ನು ಹಿಂದಕ್ಕೆ ಕರೆಯಲಾಗದು. ಮಿದುಳಿನ ಕಾಂಡದಲ್ಲಿ, ಕತ್ತಿನ ಮೇಲ್ಭಾಗಕ್ಕೆ ಸಮೀಪದಲ್ಲಿರುವ ಮೆಡುಲ್ಲಾ ಎಂಬ ಪುಟ್ಟ ಭಾಗ ಈಗ ಮುಂದಾಳು. ಮೆತ್ತನೆಯ ಅಂಗುಳು, ಅದರ ತುದಿಗೆ ಜೋತ ಕಿರುನಾಲಿಗೆಯ ಸಮೇತ, ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಗಂಟಲಿನ ಮೇಲ್ಭಾಗದಲ್ಲಿ ಕುದುರೆಲಾಳದ ಆಕಾರದ ಪುಟ್ಟ ಮೂಳೆಯೊಂದಿದೆ. ದೇಹದ ಇನ್ಯಾವ ಮೂಳೆಗೂ ಕೀಲು ಕೂಡದೆ, ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ಅದು ಮೇಲಕ್ಕೂ ಮುಂದಕ್ಕೂ ಜಗ್ಗಿದಾಗ ಧ್ವನಿಪೆಟ್ಟಿಗೆ ಅದರ ಹಿಂದೆಯೇ ಏರಿ ನಾಲಿಗೆಯ ಬುಡದಡಿ ಸೇರಿಕೊಳ್ಳುತ್ತದೆ. ನಿಮ್ಮ ಬೆರಳಿಗೆ ಈಗ ತಾನೇ ತಿಳಿದ ಏರಿಕೆ ಅದೇ. ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಬಾಗಿ ಶ್ವಾಸನಾಳದ ಬಾಯನ್ನು ಮರೆಮಾಡುತ್ತದೆ. ಅದರ ಕೆಳಗೆ, ನಾವು ಮಾತಾಡಲು ಬಳಸುವ ಧ್ವನಿತಂತುಗಳು ಒಂದಕ್ಕೊಂದು ಒತ್ತಿಕೊಂಡು ಎರಡನೆಯ ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ, ಇಷ್ಟು ಹೊತ್ತೂ ಬಿಗಿಯಾಗಿ ಮುಚ್ಚಿದ್ದ ಅನ್ನನಾಳದ ಬಾಯಿ ಸಡಿಲಗೊಂಡು ತೆರೆಯುತ್ತದೆ. ಇಷ್ಟೂ ಸೇರಿ ಸುಮಾರು ಒಂದು ಸೆಕೆಂಡು. ಎಣಿಸುವ ರೀತಿಗೆ ತಕ್ಕಂತೆ ಲೆಕ್ಕ ಬದಲಾದರೂ ಸುಮಾರು 25 ಜೋಡಿ ಸ್ನಾಯುಗಳಿಗೆ ಇದರಲ್ಲಿ ಪಾಲಿದೆ. ತಲೆಯಿಂದ ಹೊರಡುವ 12 ಜೋಡಿ ನರಗಳಲ್ಲಿ ಐದು ಜೋಡಿ ಇದರಲ್ಲಿ ತೊಡಗುತ್ತವೆ.

ಆ ಒಂದು ಸೆಕೆಂಡಿನಲ್ಲಿ ಉಸಿರು ನಿಂತಿರುತ್ತದೆ. ಈ ಸಂಗತಿಯನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಉಸಿರಿಗಿಂತ ದೊಡ್ಡದು ಯಾವುದಿದೆ? ಆದರೂ ಒಂದು ಅನ್ನದ ಅಗುಳಿಗಾಗಿ ಅದು ಬದಿಗೆ ಸರಿಯುತ್ತದೆ. ಹಳೆಯ ಪೇಟೆಯ ಇಕ್ಕಟ್ಟು ಓಣಿಯಲ್ಲಿ ತಲೆಹೊರೆ ಹೊತ್ತವರು ಎದುರಾದರೆ ಬರಿಗೈಯವರು ಪಕ್ಕದ ಜಗಲಿ ಹತ್ತಿ ನಿಂತು ದಾರಿ ಬಿಡುತ್ತಿದ್ದರಲ್ಲ, ಹಾಗೆ. ಹೊರೆಯವರು ದಾಟಿದ ಮೇಲೆ ಉಸಿರು ಮತ್ತೆ ಓಣಿಗಿಳಿಯುತ್ತದೆ. ಅದರಲ್ಲೂ ಒಂದು ಅಚ್ಚುಕಟ್ಟಿದೆ: ಆರೋಗ್ಯವಂತರಲ್ಲಿ ಬಹುಪಾಲು ಸಲ ನುಂಗಿದ ನಂತರದ ಮೊದಲ ಉಸಿರು ಒಳಗೆಳೆಯುವುದಲ್ಲ, ಹೊರಬಿಡುವುದು. ಬಾಗಿಲ ಬಳಿ ಒಂದೆರಡು ಕಾಳು ಉದುರಿದ್ದರೆ ಹೊಸ್ತಿಲನ್ನು ಹೊರಮುಖವಾಗಿ ಗುಡಿಸಿದ ಹಾಗಾಗುತ್ತದೆ.

ಈ ಇಕ್ಕಟ್ಟು ಏಕೆ ಬಂತು ಎಂಬುದು ಹಳೆಯ ಪ್ರಶ್ನೆ. ಮೂಗು ಮೇಲಿದೆ, ಬಾಯಿ ಕೆಳಗಿದೆ. ಆದರೆ ಒಳಗೆ ಶ್ವಾಸನಾಳ ಮುಂದಿದೆ, ಅನ್ನನಾಳ ಹಿಂದಿದೆ. ಹಾಗಾಗಿ ಗಾಳಿಯ ದಾರಿ, ಅನ್ನದ ದಾರಿ ಗಂಟಲಲ್ಲಿ ಒಂದನ್ನೊಂದು ಅಡ್ಡಹಾಯಲೇಬೇಕು. ನಾವು ತಿಂದದ್ದು, ಕುಡಿದದ್ದು ಎಲ್ಲವೂ ಉಸಿರಿನ ಕೊಳವೆಯ ಬಾಯಿಯ ಮೇಲೆಯೇ ಹಾದುಹೋಗುವ ಈ ವಿಚಿತ್ರವನ್ನು ಡಾರ್ವಿನ್ 1859ರ ತಮ್ಮ ಗ್ರಂಥದಲ್ಲಿ ಗುರುತಿಸಿದ್ದರು. ಹಸುಗೂಸಿನ ಧ್ವನಿಪೆಟ್ಟಿಗೆ ಮೇಲೆ, ಅಂಗುಳಿಗೆ ಹತ್ತಿರದಲ್ಲಿ ಇರುತ್ತದೆ. ಬೆಳೆಯುತ್ತ ಅದು ಕೆಳಗಿಳಿದು, ಗಂಟಲಲ್ಲಿ ಉದ್ದನೆಯ ಅವಕಾಶವೊಂದು ಉಂಟಾಗುತ್ತದೆ. ನಮ್ಮ ಸ್ವರಗಳ ಸ್ಪಷ್ಟ ವೈವಿಧ್ಯಕ್ಕೆ ಆ ಅವಕಾಶ ನೆರವಾಗುತ್ತದೆ ಎಂದು ತಜ್ಞರು ವಿವರಿಸುತ್ತಾರೆ; ಅದೇ ಇಳಿಕೆಯಿಂದ ಅನ್ನ ದಾರಿ ತಪ್ಪುವ ಸಾಧ್ಯತೆಯೂ ಹೆಚ್ಚಿತು. ಮಾತು ಮತ್ತು ತುತ್ತು ಒಂದೇ ಬಾಗಿಲನ್ನು ಹಂಚಿಕೊಂಡಿವೆ.

ಉಣ್ಣುವಾಗ ಮಾತಾಡಬೇಡ ಎಂದು ಹಿರಿಯರು ಗದರಿಸುತ್ತಿದ್ದುದು ಬರಿಯ ಶಿಸ್ತಿಗಲ್ಲ ಎಂದು ಈಗ ತಿಳಿಯುತ್ತದೆ. ನಗುವಾಗ, ಮಾತಾಡುವಾಗ ಧ್ವನಿತಂತುಗಳ ಬಾಗಿಲು ಉಸಿರಿಗೆಂದು ತೆರೆದಿರುತ್ತದೆ. ಆಗ ಒಂದು ಹನಿ ಒಳಗೆ ಜಾರಿದರೂ ಸಾಕು, ಕೆಮ್ಮು ಒತ್ತರಿಸಿ ಬರುತ್ತದೆ. ನಮ್ಮಲ್ಲಿ ಅದಕ್ಕೆ "ನೆತ್ತಿಗೆ ಹತ್ತಿತು" ಎನ್ನುತ್ತೇವೆ. ಪಕ್ಕದವರು ನೆತ್ತಿ ತಟ್ಟಿ, ಯಾರೋ ನೆನೆಸಿಕೊಂಡರು ಎನ್ನುತ್ತಾರೆ. ಅನ್ನ ನೆತ್ತಿಗೇನೂ ಹೋಗಿರುವುದಿಲ್ಲ, ಆದರೆ ಆ ಕೈಯಲ್ಲಿ ಅಕ್ಕರೆಯಿದೆ. ನಿಜವಾದ ಕೆಲಸ ಮಾಡುವುದು ಕೆಮ್ಮು. ಜೋರಾಗಿ ಕೆಮ್ಮುತ್ತಿರುವವರಿಗೆ ನೀರು ಕುಡಿಸಲು ಹೋಗದೆ, ಚೆನ್ನಾಗಿ ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಸ್ವರವೂ ಹೊರಡದೆ, ಕೈ ಕುತ್ತಿಗೆಗೆ ಹೋಯಿತೆಂದರೆ ಒಂದು ಕ್ಷಣವನ್ನೂ ಕಳೆಯುವಂತಿಲ್ಲ. ಅವರನ್ನು ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಬಲವಾದ ಪೆಟ್ಟು, ಅದಕ್ಕೂ ಬಾರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲೆ, ಎದೆಮೂಳೆಯ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ಈ ಒತ್ತುವ ವಿಧಾನವನ್ನು ಅಮೆರಿಕದ ಶಸ್ತ್ರವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಕಟಿಸಿದರು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಅದಕ್ಕೆ ಬೇರೆ ಕ್ರಮವಿದೆ. ಮನೆಯಲ್ಲಿ ಒಬ್ಬರಾದರೂ ಇದನ್ನು ತಿಳಿದವರ ಬಳಿ ಕೈಯಾರೆ ಕಲಿತಿರುವುದು ಒಳ್ಳೆಯದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇಡೀ ಕಡಲೆಬೀಜ, ಹುಣಸೆಬೀಜ, ಇಡೀ ದ್ರಾಕ್ಷಿ ನೆಲದ ಮೇಲೆ ಸಿಗದಂತೆ ನೋಡಿಕೊಳ್ಳುವುದು ಅದಕ್ಕಿಂತಲೂ ಒಳ್ಳೆಯದು. ದಾರಿ ತಪ್ಪಿದ ಕಾಳು ಹೆಚ್ಚಾಗಿ ಬಲ ಶ್ವಾಸಕೋಶದ ಕಡೆಗೇ ಹೋಗುತ್ತದೆ, ಆ ಕವಲು ಅಗಲವೂ ಹೌದು, ನೆಟ್ಟಗೂ ಹೌದು.

ಗಂಟಲು ದಾಟಿದ ತುತ್ತಿನ ಮುಂದಿನ ಪಯಣ ಸಾವಧಾನದ್ದು. ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಗಟ್ಟಿ ತುತ್ತು ಅದನ್ನು ದಾಟಲು ಎಂಟು ಹತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಬಾವಿಗೆ ಕಲ್ಲು ಬಿದ್ದಂತೆ ಅದು ಬೀಳುವುದಿಲ್ಲ. ಹಿಂದಿನ ಸ್ನಾಯು ಹಿಂಡುತ್ತ, ಮುಂದಿನದು ಸಡಿಲುತ್ತ, ಅಲೆಯೊಂದು ಅದನ್ನು ದೂಡಿಕೊಂಡು ಹೋಗುತ್ತದೆ. 1896ರ ಕೊನೆಯಲ್ಲಿ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಈ ಅಲೆಯನ್ನು ಕಣ್ಣಾರೆ ಕಂಡ. ಎಕ್ಸ್-ರೇ ಪತ್ತೆಯಾಗಿ ಆಗಿನ್ನೂ ಒಂದೇ ವರ್ಷ. ಆತ ಆರಿಸಿಕೊಂಡದ್ದು ಹೆಬ್ಬಾತನ್ನು. ಉದ್ದ ಕೊರಳಿನ ಹಕ್ಕಿಯಲ್ಲಿ ತುತ್ತು ಇಳಿಯುವುದನ್ನು ಬಿಡುವಾಗಿ ನೋಡಬಹುದಲ್ಲ. ಬಿಸ್ಮತ್ ಬೆರೆಸಿದ ಆಹಾರದ ಕಪ್ಪು ನೆರಳು ಆ ನೀಳ ಕೊರಳಿನಲ್ಲಿ ಮೆಲ್ಲಮೆಲ್ಲನೆ ಸಾಗಿತು. ಇಂದು ನುಂಗಲಾಗದವರಿಗೆ ಬೇರಿಯಂ ಕುಡಿಸಿ ಗಂಟಲಿನ ಚಲನಚಿತ್ರ ತೆಗೆಯುತ್ತಾರೆ, ಅದಕ್ಕೆ ದಾರಿ ತೋರಿದವರಲ್ಲಿ ಆ ಹೆಬ್ಬಾತೂ ಒಂದು.

ಅಲೆಯೇ ದೂಡುವುದರಿಂದ ತಲೆಕೆಳಗಾಗಿ ನಿಂತರೂ ನುಂಗಬಹುದು. ಹೊಳೆಗೆ ಬಾಗಿ ನೀರು ಕುಡಿಯುವ ಹಸುವಿನ ಕೊರಳಲ್ಲಿ ನೀರು ಏರುವುದನ್ನು ನಾವೆಲ್ಲ ಕಂಡಿದ್ದೇವೆ. ಮನುಷ್ಯ ಮೊದಲು ಬಾಹ್ಯಾಕಾಶಕ್ಕೆ ಹೊರಟಾಗ, ತೂಕವಿಲ್ಲದ ಕಡೆ ಅನ್ನ ಇಳಿದೀತೆ ಎಂಬ ಶಂಕೆ ಕೆಲವು ವೈದ್ಯರಿಗಿತ್ತು; 1962ರಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತುತ್ತಲೇ ಟ್ಯೂಬಿನಿಂದ ಸೇಬಿನ ಗೊಜ್ಜನ್ನು ಹಿಂಡಿಕೊಂಡು ನಿರಾಯಾಸವಾಗಿ ನುಂಗಿದರು. 

ದಿನಕ್ಕೆ ನೂರಾರು ಸಲ, ಹೆಚ್ಚಿನಂಶ ನಮಗೆ ಗೊತ್ತೇ ಆಗದಂತೆ, ನುಂಗುತ್ತಲೇ ಇರುತ್ತೇವೆ. ಗೊತ್ತಾಗುವುದು ಅದು ತಪ್ಪಿದಾಗ. ನನಗೆ ಗೊತ್ತಾದದ್ದು ನಮ್ಮ ದೊಡ್ಡಮ್ಮನಿಗೆ ಪಾರ್ಶ್ವವಾಯು ಆದ ವರ್ಷ. ಬಲಗೈ ಸೋತಿತ್ತು, ಮಾತು ತುಸು ತೊದಲುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ, ಕೈ ಸರಿಹೋದರೆ ಸಾಕು ಎಂಬುದೊಂದೇ ನಮ್ಮ ಚಿಂತೆ. ಅನ್ನ ಕಷ್ಟವಾದೀತು, ನೀರಿಗೇನು ಎಂದುಕೊಂಡು ಲೋಟ ತುಂಬ ನೀರು, ತಿಳಿ ಮಜ್ಜಿಗೆ, ಎಳನೀರು ಕೊಡುತ್ತಿದ್ದೆವು. ಅವರು ಎರಡು ಗುಟುಕಿಗೆ ಕೆಮ್ಮುತ್ತಿದ್ದರು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಇಡ್ಲಿ ತಿನ್ನಿಸುವ ಸರದಿ ನನ್ನದು. ಕಣ್ಣು ಗಡಿಯಾರದ ಮೇಲೆ, ಕೈ ಚಮಚದ ಮೇಲೆ. ನಾಲ್ಕನೆಯ ಚಮಚಕ್ಕೆ ದೊಡ್ಡಮ್ಮ ಬಾಯಿ ಬಿಗಿಹಿಡಿಯುತ್ತಿದ್ದರು. ಹಟ ಮಾಡಬೇಡಿ ದೊಡ್ಡಮ್ಮ, ತಿಂದರೆ ತಾನೇ ಶಕ್ತಿ ಬರೋದು ಎನ್ನುತ್ತಿದ್ದೆ. ಆಮೇಲೆ ಕೆಮ್ಮೂ ನಿಂತಿತು. ನಮಗೆ ಸಮಾಧಾನವಾಯಿತು. ವಾರದೊಳಗೆ ಸಂಜೆ ಸಂಜೆ ಜ್ವರ ಬರತೊಡಗಿತು.

ಆ ಕೆಮ್ಮು ವಾಸಿಯಾಗಿ ನಿಂತದ್ದಾಗಿರಲಿಲ್ಲ. ಗಂಟಲಿನ ಎಚ್ಚರ ಮಂಕಾದಾಗ, ನೀರು ಶ್ವಾಸಕೋಶದ ಕಡೆ ಹರಿದರೂ ಕಾವಲುಗಾರ ಕೂಗುವುದಿಲ್ಲ. ವೈದ್ಯರು ಇದನ್ನು ಸದ್ದಿಲ್ಲದ ಸೋರಿಕೆ ಎನ್ನುತ್ತಾರೆ. ಜ್ವರಕ್ಕೆ ಅದರಿಂದಾದ ನ್ಯುಮೋನಿಯಾ ಕಾರಣ. ಪಾರ್ಶ್ವವಾಯು ತಗುಲಿದವರಲ್ಲಿ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ ಎಂದು ನಾನು ಓದಿದ್ದು ಆನಂತರ. ಅನೇಕರಿಗೆ ಕೆಲವು ವಾರಗಳಲ್ಲಿ ಅದು ತಿಳಿಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಪಾರ್ಕಿನ್ಸನ್ಸ್, ಮರೆವಿನ ರೋಗ, ಕುತ್ತಿಗೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ಕೊನೆಗೆ ಬರಿಯ ವಯಸ್ಸು ಕೂಡ ಈ ಒಂದು ಸೆಕೆಂಡಿನ ತಾಳವನ್ನು ಹಿಂದೆ ಮುಂದೆ ಮಾಡಬಲ್ಲವು. ವಯಸ್ಸಾದಂತೆ ನಾಲಿಗೆಯ ಬಲ ತಗ್ಗುತ್ತದೆ, ನುಂಗುವ ಕ್ರಿಯೆ ನಿಧಾನವಾಗಿ ಶುರುವಾಗುತ್ತದೆ. ಎಷ್ಟೋ ಗುಳಿಗೆಗಳು ಬಾಯನ್ನು ಒಣಗಿಸುತ್ತವೆ.

ನುಂಗುವುದನ್ನು ಮತ್ತೆ ಕಲಿಸುವವರಿದ್ದಾರೆ ಎಂಬುದೂ ನನಗೆ ಆಗಲೇ ತಿಳಿದದ್ದು. ಮಾತಿನ ಚಿಕಿತ್ಸಕರೇ ಅವರು. ಮಾತಿನ ದಾರಿಯೂ ತುತ್ತಿನ ದಾರಿಯೂ ಒಂದೇ ಆದ್ದರಿಂದ ಇದು ಅವರ ಪಾಲಿಗೆ ಬಂದಿದೆ. ಅಮೆರಿಕದ ಜೆರಿ ಲೋಗ್‌ಮನ್ 1983ರಲ್ಲಿ ಬರೆದ ಪುಸ್ತಕದಿಂದ ಈ ವಿದ್ಯೆ ಗಟ್ಟಿಯಾಗಿ ನೆಲೆಯೂರಿತು. ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮಾತು ಮತ್ತು ಕಿವಿಯ ತೊಂದರೆಗಳಿಗೆ ದುಡಿಯುತ್ತಿದೆ, ನುಂಗುವ ತೊಂದರೆಗೂ ಅಲ್ಲಿ ಚಿಕಿತ್ಸೆಯಿದೆ. ಕಿವಿ ಕೇಳದಿದ್ದರೆ ಹೋಗುವ ಜಾಗ ಎಂದಷ್ಟೇ ಆ ಹೆಸರನ್ನು ನಾವು ತಿಳಿದಿದ್ದೆವು.

ದೊಡ್ಡಮ್ಮನನ್ನು ನೋಡಿದ ಚಿಕಿತ್ಸಕಿ ಇಪ್ಪತ್ತೈದು ದಾಟದ ಹುಡುಗಿ. ಮೊದಲ ದಿನ ಏನನ್ನೂ ಹೇಳಿಕೊಡಲಿಲ್ಲ. ದಿನಾ ತಿನ್ನಿಸುವ ಹಾಗೆ ತಿನ್ನಿಸಿ ಎಂದು ನನ್ನ ಕೈಗೆ ಬಟ್ಟಲು ಕೊಟ್ಟು ಪಕ್ಕದಲ್ಲಿ ಕುಳಿತಳು. ದೊಡ್ಡಮ್ಮನ ಜೊತೆಗೆ ನನ್ನನ್ನೂ ನೋಡುತ್ತಿದ್ದಳು. ಐದಾರು ಚಮಚ ಆದ ಮೇಲೆ ನನ್ನ ಮೊಣಕೈ ಹಿಡಿದು ನಿಲ್ಲಿಸಿ, "ನೀವು ಚಮಚ ನೋಡ್ತಾ ಇದ್ದೀರಿ. ಇವರ ಕುತ್ತಿಗೆ ನೋಡಿ" ಎಂದಳು. ನೋಡಿದೆ. ನಾನು ಎರಡನೆಯ ಚಮಚ ಬಾಯಿಗಿಟ್ಟಾಗ ಮೊದಲನೆಯದೇ ಇನ್ನೂ ಇಳಿದಿರಲಿಲ್ಲ. ದೊಡ್ಡಮ್ಮ ಬಾಯಿ ಬಿಗಿಹಿಡಿದದ್ದು ಹಟಕ್ಕಲ್ಲ, ಒಳಗೆ ಜಾಗವಿರಲಿಲ್ಲ ಅಷ್ಟೇ. ಮಾತು ತೊದಲುತ್ತಿದ್ದವರು ಅದನ್ನು ಇನ್ನು ಹೇಗೆ ಹೇಳಬೇಕಿತ್ತು?

ಆಮೇಲೆ ಕಲಿತದ್ದೆಲ್ಲ ಸಣ್ಣ ಸಣ್ಣ ಸಂಗತಿಗಳು. ಮಂಪರಿನಲ್ಲಿದ್ದಾಗ, ಮಲಗಿದ್ದಾಗ ತಿನ್ನಿಸಬಾರದು. ಬೆನ್ನು ನೆಟ್ಟಗಿರಬೇಕು, ಊಟದ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಕೂರಬೇಕು. ನಾವು ಅವರಿಗಿಂತ ಎತ್ತರದಲ್ಲಿ ನಿಂತು ತಿನ್ನಿಸಿದರೆ ಅವರ ತಲೆ ಹಿಂದಕ್ಕೆ ಬಾಗುತ್ತದೆ, ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ, ಸಮಕ್ಕೆ ಕೂರಬೇಕು. ದೊಡ್ಡಮ್ಮನಿಗೆ ಗಲ್ಲವನ್ನು ಎದೆಯ ಕಡೆ ತುಸು ಬಾಗಿಸಿ ನುಂಗುವುದು ಒಗ್ಗಿತು, ಎಲ್ಲರಿಗೂ ಅದೇ ಒಗ್ಗುವುದಿಲ್ಲವಂತೆ. ಪ್ರತಿ ತುತ್ತಿನ ನಂತರ ಒಂದು ಮಾತು ಆಡಿಸಬೇಕು. ಸ್ವರ ನೀರಲ್ಲಿ ನೆನೆದಂತೆ ಗೊರಗೊರ ಎಂದರೆ ಧ್ವನಿತಂತುಗಳ ಮೇಲೆ ಇನ್ನೂ ಏನೋ ಉಳಿದಿದೆ ಎಂದರ್ಥ.

ನಮ್ಮನ್ನು ಹೆಚ್ಚು ಅಚ್ಚರಿಗೊಳಿಸಿದ್ದು ನೀರಿನ ಮಾತು. ನಾವು ಹಗುರ ಎಂದುಕೊಂಡಿದ್ದ ನೀರೇ ಅವರಿಗೆ ಎಲ್ಲಕ್ಕಿಂತ ಕಷ್ಟದ್ದು. ತಡವಾಗಿ ಎಚ್ಚರಗೊಳ್ಳುವ ಗಂಟಲಿಗೆ, ಬಾಗಿಲು ಹಾಕುವ ಮೊದಲೇ ನೀರು ಓಡಿ ಬಂದುಬಿಡುತ್ತದೆ. ಮಂದವಾದದ್ದು ನಿಧಾನ ಬರುತ್ತದೆ, ಬರುವುದು ಗೊತ್ತಾಗುವಂತೆ ಬರುತ್ತದೆ. ಈಗ ಜಗತ್ತಿನ ಅನೇಕ ಆಸ್ಪತ್ರೆಗಳು ಆಹಾರವನ್ನು ಅದರ ಮಂದತೆ, ಮೃದುತ್ವ ನೋಡಿ 0ರಿಂದ 7ರವರೆಗೆ ಅಳೆಯುತ್ತವೆ. ನೀರು 0, ನಮ್ಮ ನಿಮ್ಮ ನಿತ್ಯದ ಊಟ 7. ಹುಡುಗಿ ಆ ಪಟ್ಟಿ ತೋರಿಸಿದಾಗ ನಮ್ಮ ಮನೆಯ ಹಿರಿಯರು, ಇದು ನಮ್ಮ ಅಂಬಲಿಯ ಲೆಕ್ಕ ತಾನೇ ಎಂದರು. ಹೌದು, ತೆಳ್ಳನೆಯ ಅಂಬಲಿ, ಮಂದ ಅಂಬಲಿ, ಗಂಜಿ, ಮಗುವಿನ ರಾಗಿ ಸರಿ, ಇವುಗಳ ನಡುವಿನ ಅಂತರ ನಮ್ಮ ಅಡುಗೆಮನೆಗೆ ಯಾವಾಗಲೂ ಗೊತ್ತಿತ್ತು. ಎಷ್ಟು ಮಂದ ಯಾರಿಗೆ ಎಂಬುದನ್ನು ಮಾತ್ರ ಪರೀಕ್ಷಿಸಿದವರೇ ಹೇಳಬೇಕು. ದೊಡ್ಡಮ್ಮನಿಗೆ ಸೋಸಿದ ಮಂದ ರಾಗಿ ಅಂಬಲಿ ನಿಗದಿಯಾಯಿತು. ಮುದ್ದೆ ಬೇಕೆಂದು ಕಣ್ಣಲ್ಲೇ ಕೇಳುತ್ತಿದ್ದರು. ಅಂಟುವ ಪದಾರ್ಥ ಅಂಥ ಗಂಟಲಿಗೆ ಅಪಾಯ, ಕೊಡುವಂತಿರಲಿಲ್ಲ.

ಹಳೆಯ ಬಾಣಂತಿಕೋಣೆಯ ಒಳಲೆ ನನಗೆ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ಪುಟ್ಟ ಮೂತಿಯ ಆ ಬೆಳ್ಳಿ ಬಟ್ಟಲಲ್ಲಿ ಕೂಸಿಗೆ ಹಾಲು ಹಾಕುವಾಗ ನಮ್ಮಜ್ಜಿ ಒಂದಿಷ್ಟು ಬಿಟ್ಟು, ಕೂಸಿನ ಗಂಟಲಿನ "ಗುಟುಕ್" ಕೇಳುವವರೆಗೆ ಕೈ ತಡೆಯುತ್ತಿದ್ದರು. ಅಳುವ ಕೂಸಿನ ಬಾಯಿಗೆ ಸುರಿಯುವುದು ಅವರಿಗೆ ಆಗದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಚೀಪು, ನುಂಗು, ಉಸಿರಾಡು ಎಂಬ ಮೂರರ ಮೇಳ ಕೂಡುವುದು ಸುಮಾರು 34 ವಾರಕ್ಕೆ. ಅದಕ್ಕೂ ತುಸು ಮೊದಲು, 32 ವಾರ ದಾಟಿದ ಕೂಸುಗಳಿಗೆ ನಮ್ಮ ದೇಶದ ಶಿಶು ಆಸ್ಪತ್ರೆಗಳಲ್ಲಿ ಇಂದಿಗೂ ಇದೇ ಒಳಲೆಯಲ್ಲಿ ತಾಯಿಯ ಹಾಲು ಹನಿಸುತ್ತಾರೆ. ಒಳಲೆ ಹಿಡಿದ ಕೈಗೆ ಬೇಕಾದ ಗುಣ ಒಂದೇ, ಕಾಯುವುದು. ಕೂಸಿಗೆ ನಾವು ಅದನ್ನು ತಾನಾಗಿ ಕೊಡುತ್ತೇವೆ. ಎಂಬತ್ತು ವರ್ಷದ ಕೂಸಿಗೆ ಕೊಡಲು ನನಗೆ ಬೇರೊಬ್ಬರು ಮೊಣಕೈ ಹಿಡಿದು ನಿಲ್ಲಿಸಬೇಕಾಯಿತು.

ಮದುವೆಮನೆಯ ಊಟಕ್ಕೆ ಬರಲು ಒಲ್ಲದ ಹಿರಿಯರನ್ನು ನೀವೂ ಕಂಡಿರಬಹುದು. ಹಸಿವಿಲ್ಲ, ಮನೆಯಲ್ಲೇ ತಿನ್ನುತ್ತೇನೆ ಎನ್ನುತ್ತಾರೆ. ನಾಲ್ಕು ಜನರೆದುರು ಕೆಮ್ಮು ಬಂದೀತು, ಎಲ್ಲರೂ ಎದ್ದ ಮೇಲೂ ತಮ್ಮ ಎಲೆ ಹಾಗೇ ಉಳಿದೀತು ಎಂಬ ಅಳುಕು ಅದರ ಹಿಂದೆ ಇರಬಹುದು. ಕೆಮ್ಮಿಗೆ ಹೆದರಿ ನೀರನ್ನೇ ಕಡಿಮೆ ಮಾಡುವವರಿದ್ದಾರೆ. ಈಗಿನ ಛತ್ರಗಳಲ್ಲಿ ನಾವು ಹುಳಿಯನ್ನದಲ್ಲಿರುವಾಗಲೇ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಆ ಉಸಿರು ಕತ್ತಿನ ಹಿಂದೆ ತಾಗುತ್ತಿರುವಾಗ ಗಟ್ಟಿಮುಟ್ಟಾದವರಿಗೇ ತುತ್ತು ಇಳಿಯುವುದಿಲ್ಲ. ಪಂಕ್ತಿಯಲ್ಲಿ ಎಲ್ಲರೂ ಮುಗಿಸುವವರೆಗೆ ಯಾರೂ ಏಳಬಾರದು ಎಂದು ಒಂದು ಮರ್ಯಾದೆಯಿತ್ತು. ಚಿಕ್ಕಂದಿನಲ್ಲಿ ಕೈ ಒಣಗಿಸಿಕೊಂಡು ಕೂರುವುದು ನಮಗೆ ಶಿಕ್ಷೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ನಿಧಾನದ ಗಂಟಲು ಯಾರದೋ ಅವರ ಅಳತೆಗೆ ಊಟದ ಹೊತ್ತನ್ನು ಹೊಂದಿಸಿದ್ದರು ಎಂದು ಈಗ ಅನ್ನಿಸುತ್ತದೆ.

ದೊಡ್ಡಮ್ಮನ ಚಿಕಿತ್ಸೆ ಶುರುವಾದ ಐದು ತಿಂಗಳ ನಂತರ ನಮ್ಮ ಮನೆಯಲ್ಲೊಂದು ನಾಮಕರಣ. ಹದಿನೈದು ಎಲೆ, ಮನೆಮಂದಿಯೇ ಹೆಚ್ಚು. ಪಂಕ್ತಿಯ ತುದಿಗೆ ಕುರ್ಚಿ ಹಾಕಿ ದೊಡ್ಡಮ್ಮನನ್ನು ಕೂರಿಸಿದ್ದೆವು; ಅವರ ಬಟ್ಟಲಲ್ಲಿ ನುಣ್ಣಗೆ ಮಸೆದ ಮೊಸರನ್ನ. ಬಡಿಸಿದ್ದೆಲ್ಲ ಮುಗಿದು, ಮಜ್ಜಿಗೆಯೂ ಆಗಿ, ಸಾಲಿನುದ್ದಕ್ಕೂ ಕೈಗಳು ಒಣಗತೊಡಗಿದವು. ದೊಡ್ಡಮ್ಮನದು ಇನ್ನೂ ಅರ್ಧ ಬಟ್ಟಲು. ಚಿಕ್ಕಪ್ಪ ಏಳಲು ಹೊರಟ ಮಗನ ತೊಡೆಯ ಮೇಲೆ ಎಡಗೈ ಇಟ್ಟು ಕೂರಿಸಿ, ಊರಿನ ಮಳೆಯ ಮಾತು ತೆಗೆದರು. ಯಾರೂ ದೊಡ್ಡಮ್ಮನ ಕಡೆ ನೋಡಲಿಲ್ಲ, ಯಾರೂ ಏಳಲೂ ಇಲ್ಲ.

ನೀರು ಕೊಡಬಹುದು, ಒಂದೊಂದೇ ಚಮಚ ಎಂದು ಚಿಕಿತ್ಸಕಿ ಹಿಂದಿನ ವಾರವಷ್ಟೇ ಹೇಳಿದ್ದಳು. ಬರಿ ನೀರು, ಏನೂ ಬೆರೆಸದ್ದು. ಚಮಚ ತುಟಿಗೆ ಹಿಡಿದೆ. ದೊಡ್ಡಮ್ಮ ಗಲ್ಲ ಬಾಗಿಸಿದರು. ನಾನು ಕುತ್ತಿಗೆ ನೋಡುತ್ತ ಕಾದೆ. ಸುಕ್ಕುಗಳ ನಡುವೆ ಆ ಗಂಟು ಮೇಲೇರಿತು, ನಿಂತಿತು, ಇಳಿಯಿತು. ಮೂಗಿನಿಂದ ಉಸಿರು ಹೊರಬಂತು. ಆಮೇಲೆ ಅವರು ಇನ್ನೊಂದಕ್ಕೆ ಬಾಯಿ ತೆರೆದರು.